ಕುದುರೆಯ ಸಾಂಕ್ರಾಮಿಕ ರೋಗಗಳ ಸಂಶೋಧನೆ: ತಿಳವಳ್ಳಿ ಸೀಮೆಯಿಂದ ಒಂದು ನೋಟ

ಹಾವೇರಿ ಜಿಲ್ಲೆಯ ಹಾನಗಲ್ಲು ತಾಲ್ಲೂಕಿನ ತಿಳವಳ್ಳಿಯು 13ನೆಯ ಶತಮಾನದ ಶಾಂತೇಶ್ವರ ದೇವಾಲಯದಿಂದಾಗಿ ಇತಿಹಾಸಜ್ಞರಿಗೆ ಪರಿಚಿತವಾದ ಊರು. ಕದಂಬ, ಚಾಲುಕ್ಯ, ಹೊಯ್ಸಳ, ಸೇವುಣರ ದಂಡುಗಳು ಹಾದುಹೋದ ಸೀಮೆ ಇದು. 1196ರಲ್ಲಿ ಇಮ್ಮಡಿ ಬಲ್ಲಾಳನು ಹಾನಗಲ್ಲನ್ನು ಮುತ್ತಿದ್ದನು. ಈ ಭಾಗದ ವೀರಗಲ್ಲುಗಳಲ್ಲಿ ಕುದುರೆಯೇರಿ ಹೋರಾಡುವ ಯೋಧರ ಚಿತ್ರಗಳಿವೆ. ಕಾಳಗದಲ್ಲಿ ಕಾದಿದ ಕುದುರೆಗೆ ಹೀಗೆ ಕಲ್ಲಿನಲ್ಲಿ ಸ್ಥಾನ ದೊರೆಯಿತು. ಲಾಯದಲ್ಲಿ ಜ್ವರದಿಂದ ಬಿದ್ದ ಕುದುರೆಯ ಸುದ್ದಿ ಅಲ್ಲಿಲ್ಲ. ಕುದುರೆಯ ರೋಗಗಳ ಅಧ್ಯಯನವು ಯಾವಾಗಲೂ ಅದರ ಬೆಲೆಯನ್ನು ಹೊತ್ತವರ ಆಶ್ರಯದಲ್ಲಿಯೇ ಬೆಳೆಯಿತು ಎಂಬುದಕ್ಕೆ ಈ ಮೌನವು ಒಂದು ಸೂಚನೆ.

ಮೊದಲ ಆಶ್ರಯ ಅರಮನೆಯದು. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣ ಮತ್ತು ಪಳಗಿಸುವ ಕ್ರಮಗಳು ನಿರೂಪಿತವಾಗಿವೆ. ಕನ್ನಡದಲ್ಲಿ ಪಶುವೈದ್ಯದ ಪರಂಪರೆಯು ಚಾಲುಕ್ಯ ವಂಶದ ಕೀರ್ತಿವರ್ಮನ ‘ಗೋವೈದ್ಯ’ದಷ್ಟು ಹಳೆಯದು. 14ನೆಯ ಶತಮಾನದ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ರಚಿಸಿದನು. ವಿಜಯನಗರದ ಕಾಲಕ್ಕೆ ಕುದುರೆಯ ಬೆಲೆ ಎಷ್ಟಿತ್ತೆಂಬುದನ್ನು ಪೋರ್ಚುಗೀಸ್ ವರ್ತಕ ನೂನಿಜ್‌ನ ಬರಹ ತಿಳಿಸುತ್ತದೆ. ಸಾಳುವ ನರಸಿಂಹನು ಸಮುದ್ರಯಾನದಲ್ಲಿ ಸತ್ತ ಕುದುರೆಗೂ, ಬಾಲವನ್ನು ತಂದು ತೋರಿಸಿದರೆ, ಹಣ ಕೊಡುತ್ತಿದ್ದನಂತೆ. ಇಂಥ ಸೊತ್ತಿನ ರಕ್ಷಣೆಗೆ ಶಾಸ್ತ್ರ ಹುಟ್ಟಿದುದು ಸಹಜ. ಆದರೆ ವಾತ, ಪಿತ್ತ, ಕಫಗಳ ಚೌಕಟ್ಟಿನ ಈ ಶಾಸ್ತ್ರಕ್ಕೆ ಹೊರಲಕ್ಷಣಗಳು ಕಾಣುತ್ತಿದ್ದವೇ ಹೊರತು ರಕ್ತದೊಳಗಿನ ಪರೋಪಜೀವಿ ಕಾಣುವಂತಿರಲಿಲ್ಲ.

ಅದನ್ನು ಕಾಣಿಸಿದುದು ಎರಡನೆಯ ಆಶ್ರಯವಾದ ಸೈನ್ಯ. ಬ್ರಿಟಿಷ್ ಸೇನೆಯ ಪಶುವೈದ್ಯ ಗ್ರಿಫಿತ್ ಇವಾನ್ಸ್ 1880ರಲ್ಲಿ ವಾಯವ್ಯ ಗಡಿಯ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ, ‘ಸರ್ರಾ’ ರೋಗದಿಂದ ಸಾಯುತ್ತಿದ್ದ ಕುದುರೆ, ಒಂಟೆಗಳ ರಕ್ತದಲ್ಲಿ ಚಲಿಸುವ ಸೂಕ್ಷ್ಮಜೀವಿಯನ್ನು ಗುರುತಿಸಿದರು. ಮರುಕಳಿಸುವ ಜ್ವರ, ರಕ್ತಹೀನತೆ, ಕಾಲು ಮತ್ತು ಹೊಟ್ಟೆಯ ಬಾವು, ಮೇವು ತಿನ್ನುತ್ತಿದ್ದರೂ ಸೊರಗುವಿಕೆ ಇದರ ಲಕ್ಷಣಗಳು. ಇಲಿಗಳ ರಕ್ತದಲ್ಲಿ ಕಂಡಿದ್ದ ಇಂಥದೇ ಜೀವಿ ನಿರಪಾಯಕಾರಿ ಎಂಬ ಅಭಿಪ್ರಾಯ ಆಗ ಪ್ರಬಲವಾಗಿದ್ದುದರಿಂದ ಇವಾನ್ಸರ ತೀರ್ಮಾನಕ್ಕೆ ಕೂಡಲೆ ಮನ್ನಣೆ ದೊರೆಯಲಿಲ್ಲ. ಇಂದು ಆ ಜೀವಿಯು ‘ಟ್ರಿಪನೊಸೋಮಾ ಇವಾನ್ಸಿ’ ಎಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಸಸ್ತನಿಗಳಲ್ಲಿ ರೋಗ ತರುವ ಟ್ರಿಪನೊಸೋಮಗಳಲ್ಲಿ ಮೊದಲು ಪತ್ತೆಯಾದುದು ಇದೇ. 1889ರಲ್ಲಿ ಪುಣೆಯಲ್ಲಿ ಆರಂಭವಾಗಿ 1893ರಲ್ಲಿ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡ ಇಂಪೀರಿಯಲ್ ಬ್ಯಾಕ್ಟೀರಿಯಲಾಜಿಕಲ್ ಲ್ಯಾಬೊರೇಟರಿಯಲ್ಲಿ ಆಲ್ಫ್ರೆಡ್ ಲಿಂಗಾರ್ಡ್ ಸರ್ರಾವನ್ನು ವಿಸ್ತಾರವಾಗಿ ಅಭ್ಯಸಿಸಿದರು. ರಕ್ತ ಹೀರುವ ಟಬಾನಸ್ ನೊಣಗಳು ರೋಗವನ್ನು ಹರಡುತ್ತವೆ ಎಂಬುದನ್ನು 1901ರಲ್ಲಿ ಲಿಯೊನಾರ್ಡ್ ರೋಜರ್ಸ್ ಪ್ರಯೋಗದಿಂದ ತೋರಿಸಿದರು.

ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ ಹಾನಗಲ್ಲು ಸೀಮೆಗೆ ಈ ತಿಳಿವಳಿಕೆ ಅಪ್ರಸ್ತುತವಾದುದಲ್ಲ. ಕೆರೆ, ಗದ್ದೆ, ಮಳೆಗಾಲದ ತೇವಗಳಿರುವ ನೆಲ ಇಂಥ ನೊಣಗಳಿಗೆ ಅನುಕೂಲಕರ. ದನ, ಎಮ್ಮೆಗಳು ರೋಗದ ಚಿಹ್ನೆಯನ್ನು ಹೆಚ್ಚಾಗಿ ತೋರದೆಯೇ ಪರೋಪಜೀವಿಯನ್ನು ಹೊತ್ತಿರಬಲ್ಲವು. ಅದೇ ಕೊಟ್ಟಿಗೆಯ ಕುದುರೆಗೆ ಅದು ಮಾರಕವಾಗಬಲ್ಲದು. ರಕ್ತದಲ್ಲಿ ಪರೋಪಜೀವಿಗಳ ಸಂಖ್ಯೆ ಕಡಿಮೆಯಿರುವಾಗ ಗಾಜಿನ ಪಟ್ಟಿಯ ಮೇಲಿನ ರಕ್ತಲೇಪದ ಪರೀಕ್ಷೆ ಅದನ್ನು ತಪ್ಪಿಸಿಬಿಡುತ್ತದೆ. ಆದುದರಿಂದಲೇ ಎಲೈಸಾ, ಪಿಸಿಆರ್‌ನಂಥ ಪರೀಕ್ಷೆಗಳು ಮುಂದೆ ಬಳಕೆಗೆ ಬಂದವು.

ಸಂಶೋಧನೆಯ ಜೊತೆಗೆ ಕಾನೂನೂ ಬಂದಿತು. ಗ್ಲ್ಯಾಂಡರ್ಸ್ ರೋಗದ ಬ್ಯಾಕ್ಟೀರಿಯಾವನ್ನು 1882ರಲ್ಲಿ ಬರ್ಲಿನ್‌ನಲ್ಲಿ ಲೋಫ್ಲರ್ ಮತ್ತು ಶುಟ್ಜ್ ಬೇರ್ಪಡಿಸಿದರು. ಭಾರತದಲ್ಲಿ 1899ರ ಗ್ಲ್ಯಾಂಡರ್ಸ್ ಮತ್ತು ಫಾರ್ಸಿ ಕಾಯಿದೆಯು ರೋಗಗ್ರಸ್ತ ಕುದುರೆಯನ್ನು ವಶಪಡಿಸಿಕೊಂಡು ಕೊಲ್ಲುವ ಅಧಿಕಾರವನ್ನು ನೀಡಿತು. ಮನುಷ್ಯರಿಗೂ ತಗಲುವ ಈ ರೋಗದ ವಿಷಯದಲ್ಲಿ ಇದು ಅನಿವಾರ್ಯ ಕ್ರಮವೇ ಆಗಿತ್ತು. ಆದರೂ ಒಂದೇ ಕುದುರೆಯ ದುಡಿಮೆಯಿಂದ ಬದುಕುವ ಜಟಕಾ ಗಾಡಿಯವನಿಗೆ ರೋಗವನ್ನು ವರದಿ ಮಾಡುವುದೆಂದರೆ ಅನ್ನದ ಮೂಲವನ್ನೇ ಒಪ್ಪಿಸುವುದಾಗಿತ್ತು.

ಸ್ವಾತಂತ್ರ್ಯಾನಂತರ ಸೈನ್ಯದಲ್ಲಿ ಕುದುರೆಯ ಸ್ಥಾನ ಕುಗ್ಗಿತು. ಪಂದ್ಯದ ಕುದುರೆಯ ಮಹತ್ವ ಉಳಿಯಿತು. 1985ರಲ್ಲಿ ಹಿಸಾರಿನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. 2008ರಲ್ಲಿ ಜಮ್ಮುವಿನ ಕಟ್ರಾದಲ್ಲಿ ಕಾಣಿಸಿಕೊಂಡ ಕುದುರೆ ಇನ್‌ಫ್ಲುಯೆಂಜಾ ಕರ್ನಾಟಕಕ್ಕೂ ಹಬ್ಬಿತು. ಆಗ ಬೇರ್ಪಡಿಸಿದ ಎಚ್3ಎನ್8 ವೈರಾಣುವಿನ ತಳಿಗಳಲ್ಲೊಂದು ಮೈಸೂರಿನ ಹೆಸರಿನಿಂದಲೇ ವೈಜ್ಞಾನಿಕ ಸಾಹಿತ್ಯದಲ್ಲಿ ದಾಖಲಾಗಿದೆ. ಅದಕ್ಕೂ ಮುಂಚೆ 2006ರಲ್ಲಿ ಮಹಾರಾಷ್ಟ್ರದಲ್ಲಿ ಗ್ಲ್ಯಾಂಡರ್ಸ್ ಮರಳಿ ಕಾಣಿಸಿಕೊಂಡಿತ್ತು. 1899ರ ಕಾಯಿದೆಯ ಸ್ಥಾನವನ್ನು 2009ರ ಪ್ರಾಣಿರೋಗ ನಿಯಂತ್ರಣ ಕಾಯಿದೆ ತುಂಬಿತು.

ಅರಮನೆಯ ಲಾಯ, ಸೇನೆಯ ಬಿಡಾರ, ಪಂದ್ಯದ ಮೈದಾನ: ಜ್ಞಾನವು ಈ ಕ್ರಮದಲ್ಲಿಯೇ ಸಂಚರಿಸಿದೆ. ರೋಗಗಳಾದರೋ ಇಂಥ ಅಂತಸ್ತನ್ನು ಅರಿಯವು. ಸರ್ರಾ ರೈತನ ಎಮ್ಮೆಯಲ್ಲಿ ಅಡಗಿರುತ್ತದೆ. ಗ್ಲ್ಯಾಂಡರ್ಸ್ ಕುದುರೆಯ ಆರೈಕೆ ಮಾಡುವವನ ಮೈಗೆ ದಾಟುತ್ತದೆ. ತಿಳವಳ್ಳಿಯಂಥ ಊರುಗಳ ದುಡಿಯುವ ಕುದುರೆ, ಕತ್ತೆಗಳ ರಕ್ತಪರೀಕ್ಷೆಯು ಪಂದ್ಯದ ಕುದುರೆಯ ಪರೀಕ್ಷೆಯಷ್ಟೇ ನಿಯತವಾದಾಗ, ವೀರಗಲ್ಲು ಹೇಳದೆ ಬಿಟ್ಟ ಭಾಗವೂ ಇತಿಹಾಸಕ್ಕೆ ಸೇರುತ್ತದೆ.