ಹೊಟ್ಟು ತೋರಿಸಿದ ಸುಳಿ

ತುಂಗಭದ್ರೆ ತುಂಬಿ ಹರಿಯುವ ದಿನಗಳಲ್ಲಿ ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ ಸೇತುವೆ ಮೇಲಿಂದ ನಾವು ಹುಡುಗರು ಜೋಳದ ಹೊಟ್ಟು ತೂರುತ್ತಿದ್ದೆವು. ಕಂಬದ ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಕಳಚಿಕೊಂಡು ಹೋಗುವುದು ಆ ಹೊಟ್ಟಿನಿಂದಲೇ ಕಾಣುತ್ತಿತ್ತು.

ನೀರಿಗೆ ಅಂಟುಗುಣವಿದೆ. ಕಂಬಕ್ಕೆ ತಾಗಿದ ನೀರು ತಡೆಯುತ್ತದೆ, ಆಚೆಯದು ಮುನ್ನುಗ್ಗುತ್ತದೆ; ಸುಳಿ ಹುಟ್ಟುವುದು ಹೀಗೆ. ಅಂಟೇ ಇಲ್ಲದ ದ್ರವದಲ್ಲಿ ಏನಾದೀತು?

ಮೈನಸ್ 271 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ತಣಿದ ಹೀಲಿಯಂ ತಡೆಯಿಲ್ಲದೆ ಹರಿಯುತ್ತದೆಂದು 1938ರಲ್ಲಿ ಮಾಸ್ಕೋದ ಕಪಿಟ್ಸಾ, ಕೇಂಬ್ರಿಜ್‌ನ ಅಲೆನ್ ಮತ್ತು ಮೈಸೆನರ್ ತಿಳಿಸಿದರು. ಇದೇ ಸೂಪರ್‌ಫ್ಲೂಯಿಡ್. ಅದರಲ್ಲೂ ಸುಳಿಗಳಿರಬಹುದು, ಆದರೆ ಅವುಗಳ ಸುತ್ತು ಮನಬಂದಷ್ಟಿರದು, ಒಂದು ನಿಗದಿತ ಅಳತೆಯ ಒಂದರಷ್ಟು, ಎರಡರಷ್ಟು ಹೀಗೆಯೇ ಇರಬೇಕು ಎಂದು 1949ರಲ್ಲಿ ಆನ್ಸಾಗರ್ ಸೂಚಿಸಿದರು. ಇಂಥ ಸುಳಿಯೆಳೆಗಳ ಗೋಜಲೇ ಅಲ್ಲಿನ ಪ್ರಕ್ಷುಬ್ಧತೆ ಎಂದು 1955ರಲ್ಲಿ ಫೈನ್‌ಮನ್ ಚಿತ್ರಿಸಿದರು.

ದ್ರವದೊಳಗೆ ಆ ಎಳೆಗಳು ಉದ್ದಕ್ಕೂ ಕಣ್ಣಿಗೆ ಬಿದ್ದದ್ದು ಮಾತ್ರ 2006ರಲ್ಲಿ. ಬ್ಯೂಲಿ, ಲ್ಯಾಥ್ರಪ್ ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಿದ ಕೆ. ಆರ್. ಶ್ರೀನಿವಾಸನ್ ಹೀಲಿಯಂನೊಳಗೆ ಹೈಡ್ರೋಜನ್ನಿನ ಹಿಮಕಣಗಳನ್ನು ಬಿಟ್ಟರು. ಕಣಗಳು ಸುಳಿಯ ನಡುವಿಗೆ ಸಿಕ್ಕಿಕೊಂಡವು; ಲೇಸರ್ ಬೆಳಕಿನಲ್ಲಿ ಚುಕ್ಕೆಸಾಲಾಗಿ ಹೊಳೆದವು. 2016ರಲ್ಲಿ ಸಿಯೋಲ್‌ನ ಸಂಶೋಧಕರು ಅತಿಶೀತ ಪರಮಾಣುಗಳ ಅನಿಲದಲ್ಲಿ ಲೇಸರ್ ಕಿರಣವನ್ನೇ ಕಂಬ ಮಾಡಿ ಎಳೆದು, ಅದರ ಹಿಂದೆ ಕಳಚುವ ಸುಳಿಗಳ ಸಾಲನ್ನೂ ತೋರಿಸಿದರು.

ಈ ಚರಿತ್ರೆಯನ್ನು ನಾನು ಬರೀ ಸಮೀಕರಣಗಳ ಚರಿತ್ರೆಯೆಂದು ಓದಿಕೊಂಡಿದ್ದೆ. ಆನ್ಸಾಗರ್ ಮಾತು ಕಣ್ಣಿಗೆ ಕಾಣಲು 57 ವರ್ಷ ಹಿಡಿಯಿತು. ಆಗ ಕೈಹಿಡಿದದ್ದು ಸೇತುವೆ ಮೇಲಿನ ಹುಡುಗರಿಗೂ ಗೊತ್ತಿದ್ದ ಉಪಾಯ: ಹರಿವನ್ನು ನೋಡಬೇಕಾದರೆ ಅದಕ್ಕೆ ಏನಾದರೂ ತೂರಬೇಕು.