ನಾಯಿ ಜತೆ ಕಾಫಿನಾಡಿಗೆ: ಎಲ್ಲಿ ಸುತ್ತಬಹುದು, ಎಲ್ಲಿ ಬೇಡ, ರೂಂ ಬುಕ್ ಮಾಡೋ ಮುಂಚೆ ಏನು ಕೇಳಬೇಕು?

ಚಿಕ್ಕಮಗಳೂರು: ವಾರಾಂತ್ಯ ಬಂತಂದ್ರೆ ಬೆಂಗಳೂರು ಕಡೆಯಿಂದ ಬರೋ ಕಾರುಗಳ ಕಿಟಕಿಯಲ್ಲಿ ಈಗ ನಾಯಿ ಮುಖವೂ ಕಾಣುತ್ತೆ. ಆದ್ರೆ ಮಲೆನಾಡು ಅಂದ್ರೆ ನಗರದ ಪಾರ್ಕ್ ಅಲ್ಲ. ಚಿರತೆ, ಉಣುಗು, ಹಂದಿಗೆ ಇಟ್ಟ ಉರುಳು – ಮೂರೂ ಇಲ್ಲಿ ನಾಯಿಯ ಜೀವಕ್ಕೆ ಕುತ್ತು ತರಬಲ್ಲವು. ಹೊರಡೋ ಮುಂಚೆ ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ಬರುವುದು ಹೇಗೆ?

ಕಾರು: ಬೆಂಗಳೂರಿನಿಂದ ಹಾಸನ, ಬೇಲೂರು ಮಾರ್ಗವಾಗಿ ಸುಮಾರು 245 ಕಿ.ಮೀ. ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಿ. ಘಾಟಿ ತಿರುವಿನಲ್ಲಿ ವಾಂತಿ ಆಗದಂತೆ ಹೊರಡುವ ಮೂರ್ನಾಲ್ಕು ಗಂಟೆ ಮೊದಲೇ ಊಟ ಮುಗಿಸಿ. ಬೇಲೂರು ದೇವಸ್ಥಾನದೊಳಗೆ ನಾಯಿ ಬಿಡಲ್ಲ. ಹಾಗಂತ ಕಿಟಕಿ ಏರಿಸಿ ಕಾರಲ್ಲಿ ಕೂಡಿಹಾಕಬೇಡಿ. ಬಿಸಿಲಲ್ಲಿ ಕೆಲವೇ ನಿಮಿಷಕ್ಕೆ ಕಾರು ಒಲೆಯಾಗುತ್ತೆ. ಒಬ್ಬರು ಹೊರಗೆ ನಿಂತು ಸರದಿ ಪ್ರಕಾರ ಹೋಗಿಬನ್ನಿ.

ಬಸ್: ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್‌ಗಳಲ್ಲಿ ಟಿಕೆಟ್ ತೆಗೆದು ಕರೆದೊಯ್ಯಬಹುದು. 2022ರ ಪರಿಷ್ಕೃತ ನಿಯಮದಂತೆ ನಾಯಿಗೆ ಅರ್ಧ ಟಿಕೆಟ್. ರಾಜಹಂಸ, ಎಸಿ ಬಸ್‌ಗಳಲ್ಲಿ ಅವಕಾಶವಿಲ್ಲ.

ರೈಲು: ಕಡೂರು, ಬೀರೂರಿಗೆ ಬರೋರು ಗಮನಿಸಿ. ಸ್ಲೀಪರ್, 2ಎಸಿ, 3ಎಸಿಯಲ್ಲಿ ನಾಯಿ ಒಯ್ಯುವಂತಿಲ್ಲ. ಫಸ್ಟ್ ಎಸಿಯಲ್ಲಿ ಪೂರ್ತಿ ಕೂಪೆ ಸಿಕ್ಕರೆ ಮಾತ್ರ; ಇಲ್ಲದಿದ್ದರೆ ಗಾರ್ಡ್ ಬೋಗಿಯ ಡಾಗ್ ಬಾಕ್ಸ್. ಲಸಿಕೆ ಪುಸ್ತಕ, ಪಶುವೈದ್ಯರ ಫಿಟ್‌ನೆಸ್ ಪತ್ರ ಕೈಲಿರಲಿ.

ಎಲ್ಲಿ ವಾಕಿಂಗ್?

ಸಖರಾಯಪಟ್ಟಣ ಬಳಿಯ ಅಯ್ಯನಕೆರೆ ಏರಿ ಬೆಳಗಿನ ನಡಿಗೆಗೆ ಚೆನ್ನಾಗಿದೆ. ಹಿರೇಕೊಳಲೆ ಕೆರೆ ದಂಡೆಯಲ್ಲೂ ಸುತ್ತಬಹುದು, ಆದ್ರೆ ನಾಯಿಯನ್ನು ನೀರಿಗಿಳಿಸಬೇಡಿ. ಅದು ನಗರಕ್ಕೆ ಕುಡಿಯೋ ನೀರು ಕೊಡೋ ಕೆರೆ. ತೋಟದ ರಸ್ತೆಯಾದ್ರೆ ಮಾಲೀಕರನ್ನು ಕೇಳಿಯೇ ಹೋಗಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ತೋಟದ ತುಂಬ ಕೆಲಸದವರು ಇರ್ತಾರೆ. ಎಲ್ಲೇ ಆಗಲಿ, ಹಗ್ಗ ಬಿಚ್ಚಬೇಡಿ.

ಎಲ್ಲಿ ಬೇಡ?

ಭದ್ರಾ ಹುಲಿ ಸಂರಕ್ಷಿತ ಪ್ರದೇಶ (ಮುತ್ತೋಡಿ, ಲಕ್ಕವಳ್ಳಿ, ಹೆಬ್ಬೆ ಜಲಪಾತ), ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ನಾಯಿ ಬೇಡವೇ ಬೇಡ. ಸಾಕುನಾಯಿಯಿಂದ ಡಿಸ್ಟೆಂಪರ್‌ನಂಥ ರೋಗ ಕಾಡುಪ್ರಾಣಿಗೂ ಹರಡುತ್ತೆ. ಮುಳ್ಳಯ್ಯನಗಿರಿ (1,930 ಮೀ.) ತುದಿಯಲ್ಲಿ ದೇವಸ್ಥಾನವಿದೆ, ರಜಾದಿನ ಜನಜಂಗುಳಿ, ಅಲ್ಲಿಗೂ ಒಯ್ಯದಿರುವುದೇ ಲೇಸು.

ಹೋಂಸ್ಟೇಗೆ ಫೋನಲ್ಲೇ ಕೇಳಿ

* ನಾಯಿ ರೂಮಿನೊಳಗೆ ಮಲಗಬಹುದಾ? ‘ತನ್ನಿ ಪರವಾಗಿಲ್ಲ’ ಅಂದವರು ರಾತ್ರಿ ಹೊರಗೆ ಕಟ್ಟಿ ಅನ್ನಬಹುದು. ಜಗಲಿಯಲ್ಲಿ ಕಟ್ಟಿದ ನಾಯಿ ಚಿರತೆಗೆ ಸುಲಭದ ಬೇಟೆ. ಒಳಗೆ ಬಿಡಲ್ಲ ಅಂದ್ರೆ ಬೇರೆ ಕಡೆ ನೋಡಿ.
* ಮನೆ ನಾಯಿಗಳಿವೆಯಾ? ಬಿಟ್ಟಿರ್ತಾರಾ, ಕಟ್ಟಿರ್ತಾರಾ?
* ತೋಟಕ್ಕೆ ಬೋರ್ಡೋ, ಕೀಟನಾಶಕ ಹೊಡೆದಿದ್ದಾರಾ? ಇಲಿ ಪಾಷಾಣ ಇಟ್ಟಿದ್ದಾರಾ?
* ಅಕ್ಕಪಕ್ಕ ಉರುಳು, ಆನೆ ಓಡಾಟ ಇದೆಯಾ?

ಉಣುಗು, ಇಂಬಳ

ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮಲೆನಾಡಲ್ಲಿ ಹೆಚ್ಚಾಗಿ ಕಾಣಿಸೋದು ಡಿಸೆಂಬರ್‌ನಿಂದ ಮೇವರೆಗೆ. ನಾಯಿ ಮೈಮೇಲಿನ ಉಣುಗು ನಿಮ್ಮ ಹಾಸಿಗೆಗೂ ಬರಬಹುದು. ಹೊರಡುವ ಮೊದಲೇ ಪಶುವೈದ್ಯರಿಂದ ಉಣುಗಿನ ಔಷಧ ಹಾಕಿಸಿ. ಮನುಷ್ಯರು ಹಚ್ಚಿಕೊಳ್ಳೋ ಎಣ್ಣೆ ನಾಯಿಗೆ ಹಚ್ಚಬೇಡಿ. ಪ್ರತಿ ಸುತ್ತಾಟದ ನಂತರ ಕಿವಿ, ಕಂಕುಳು, ಬೆರಳ ಸಂದಿ ನೋಡಿ. ಸಿಕ್ಕಿದ್ದನ್ನು ಕೈಯಲ್ಲಿ ಹಿಸುಕಬೇಡಿ. ಮಳೆಗಾಲದಲ್ಲಿ ಇಂಬಳ ಮೂಗಿನೊಳಗೂ ಹೋಗುತ್ತೆ. ಒಂದೇ ಹೊಳ್ಳೆಯಲ್ಲಿ ರಕ್ತ ಬಂದ್ರೆ ವೈದ್ಯರಿಗೆ ತೋರಿಸಿ.

ಊರಿಗೆ ಮರಳಿದ ಮೇಲೂ ಎರಡು ಮೂರು ವಾರ ಗಮನ ಇರಲಿ. ಜ್ವರ, ಊಟ ಬಿಡೋದು, ಒಸಡು ಬಿಳಿಚೋದು ಉಣುಗು ಜ್ವರದ ಲಕ್ಷಣ. ಮಲೆನಾಡಿಗೆ ಹೋಗಿದ್ದೆವು ಅಂತ ವೈದ್ಯರಿಗೆ ಮೊದಲೇ ಹೇಳಿ. ರಕ್ತ ಪರೀಕ್ಷೆ ಬೇಗ ಆದಷ್ಟೂ ನಾಯಿ ಉಳಿಯುವ ಸಾಧ್ಯತೆ ಹೆಚ್ಚು.