ಗೊಥಾರ್ಡ್ ಘಾಟಿಯ ಕಲ್ಲುಹಾದಿ

ಸ್ವಿಟ್ಜರ್‌ಲೆಂಡಿನ ಟಿಚೀನೊ ಪ್ರಾಂತ್ಯದಲ್ಲಿ ಐರೋಲೊ ಎಂಬ ಚಿಕ್ಕ ಊರಿದೆ. ಇಲ್ಲಿಯ ಜನರ ಮಾತು ಇಟಾಲಿಯನ್. ಊರಿನ ಬೆನ್ನಿಗೇ ಆಲ್ಪ್ಸ್ ಪರ್ವತ ಗೋಡೆಯಂತೆ ಎದ್ದು ನಿಂತಿದೆ. ಗೋಡೆಯ ಆಚೆಗೆ ಜರ್ಮನ್ ಮಾತಿನ ಉರಿ ಪ್ರಾಂತ್ಯ. ಈ ಎರಡು ಸೀಮೆಗಳ ನಡುವೆ ಗೊಥಾರ್ಡ್ ಪರ್ವತವನ್ನು ದಾಟಲು ಇಂದು ಐದು ದಾರಿಗಳಿವೆ. ಮೂರು ಬೆಟ್ಟದ ಹೊಟ್ಟೆಯನ್ನು ಕೊರೆದ ಸುರಂಗಗಳು: 1882ರ ರೈಲು ಸುರಂಗ, 1980ರ ರಸ್ತೆ ಸುರಂಗ ಮತ್ತು 2016ರಲ್ಲಿ ತೆರೆದ, 57 ಕಿಲೋಮೀಟರ್ ಉದ್ದದ ಹೊಸ ರೈಲು ಸುರಂಗ. ಉಳಿದೆರಡು ಬೆಟ್ಟದ ಮೇಲಿನ ರಸ್ತೆಗಳು. ಒಂದು ಅಗಲವಾದ ಹೊಸ ಡಾಂಬರು ರಸ್ತೆ, ಇನ್ನೊಂದು ಹಳೆಯ ಕಲ್ಲುಹಾಸಿನ ರಸ್ತೆ. ಐದರಲ್ಲಿ ಎಲ್ಲಕ್ಕಿಂತ ನಿಧಾನವಾದದ್ದು ಈ ಕೊನೆಯದು. ಆದರೂ ಬೇಸಿಗೆ ಬಂತೆಂದರೆ ಯುರೋಪಿನ ಸೈಕಲ್ ಸವಾರರು ಹುಡುಕಿಕೊಂಡು ಬರುವುದು ಇದನ್ನೇ.

ಈ ಹಳೆಯ ರಸ್ತೆಯ ಹೆಸರು ಟ್ರೆಮೋಲಾ. ಇಟಾಲಿಯನ್ ಭಾಷೆಯಲ್ಲಿ ಅದಕ್ಕೆ ನಡುಕದ ಅರ್ಥವಿದೆ. ಐರೋಲೊ ಇರುವುದು ಸಮುದ್ರಮಟ್ಟದಿಂದ 1,175 ಮೀಟರ್ ಎತ್ತರದಲ್ಲಿ. ಘಾಟಿಯ ನೆತ್ತಿ 2,106 ಮೀಟರ್. ನಡುವಿನ ದಾರಿ ಸುಮಾರು 13 ಕಿಲೋಮೀಟರ್. ಅದರ ಅತಿ ಕಡಿದಾದ ಭಾಗವಾದ ಟ್ರೆಮೋಲಾ ಕಂದರದಲ್ಲಿ, ನಾಲ್ಕು ಕಿಲೋಮೀಟರ್ ಅಂತರದಲ್ಲಿ 24 ಹೇರ್‌ಪಿನ್ ತಿರುವುಗಳಿವೆ. ಮೇಲಿನಿಂದ ನೋಡಿದರೆ ಸೀರೆಯ ನೆರಿಗೆಯನ್ನು ಬೆಟ್ಟದ ಮೇಲೆ ಹರಡಿದಂತೆ ಕಾಣುತ್ತದೆ. ಪ್ರತಿ ನೆರಿಗೆಯ ಕೆಳಗೂ ಕಲ್ಲಿನ ತಡೆಗೋಡೆ, ಮೇಲೆ ಗ್ರಾನೈಟಿನ ಹಾಸು.

ಇಂಥ ದಾರಿಯನ್ನು ಸೈಕಲ್ ಸವಾರರು ಮೆಚ್ಚುವುದಕ್ಕೆ ಸುತ್ತಲಿನ ಚೆಲುವೊಂದೇ ಕಾರಣವಲ್ಲ. ದಾರಿ ಯಾರಿಗಾಗಿ, ಯಾವ ಅಳತೆಯಲ್ಲಿ ಹುಟ್ಟಿತು ಎಂಬುದನ್ನು ನೋಡಿದರೆ ಇನ್ನೊಂದು ಕಾರಣ ಸಿಗುತ್ತದೆ.

ಹೇಸರಗತ್ತೆಯ ಕಾಲ

ಗೊಥಾರ್ಡ್ ಬಹಳ ಹಿಂದಿನಿಂದ ಬಳಕೆಯಲ್ಲಿದ್ದ ದೊಡ್ಡ ಮಾರ್ಗವೇನಲ್ಲ. ರೋಮನ್ನರ ಕಾಲದ ಮುಖ್ಯ ದಾರಿಗಳು ಬೇರೆ ಕಣಿವೆಗಳಲ್ಲಿದ್ದವು. ಉತ್ತರದ ಇಳಿಜಾರಿನಲ್ಲಿ ರಾಯ್ಸ್ ನದಿ ಶೋಲೆನೆನ್ ಎಂಬ ಇಕ್ಕಟ್ಟಾದ ಕಮರಿಯನ್ನು ಕೊರೆದು ಧುಮುಕುವುದೇ ಇದಕ್ಕೆ ಕಾರಣ. 13ನೇ ಶತಮಾನದ ಮೊದಲ ದಶಕಗಳಲ್ಲಿ ಅಲ್ಲೊಂದು ಸೇತುವೆ ಬಂತು, ಮಾರ್ಗ ತೆರೆಯಿತು. ನೆತ್ತಿಯ ಮೇಲೆ ಸಂತ ಗೊಥಾರ್ಡನ ಹೆಸರಿನ ಗುಡಿ 1230ರಲ್ಲಿ ಪ್ರತಿಷ್ಠೆಯಾಯಿತು. ಘಾಟಿಗೆ ಹೆಸರು ಬಂದದ್ದು ಅವನಿಂದಲೇ.

ಆ ಕಮರಿಯಲ್ಲಿ ಮನುಷ್ಯರು ಸೇತುವೆ ಕಟ್ಟಬಲ್ಲರೆಂದು ಜನರಿಗೆ ನಂಬಿಕೆ ಬರಲಿಲ್ಲ. ಕಟ್ಟಿದವನು ಸೈತಾನನೆಂದು ಕತೆ ಹುಟ್ಟಿತು. ಮೊದಲು ದಾಟುವ ಜೀವ ತನಗೆ ಸೇರಬೇಕೆಂದು ಅವನ ಕರಾರು. ಉರಿಯ ಜನ ಜಾಣರು. ಸೇತುವೆ ಮುಗಿದೊಡನೆ ಒಂದು ಹೋತವನ್ನು ಮೊದಲು ಅಟ್ಟಿದರು. ಸಿಟ್ಟಿಗೆದ್ದ ಸೈತಾನ ಸೇತುವೆಯನ್ನು ಒಡೆಯಲೆಂದು ಒಂದು ಬಂಡೆ ಹೊತ್ತು ತಂದ. ಆದರೆ ದಾರಿಯಲ್ಲೇ ಕೈಬಿಟ್ಟು ಹೋಗಬೇಕಾಯಿತು. ಸೈತಾನನ ಕಲ್ಲು ಎಂದು ಕರೆಯುವ ಆ ಬಂಡೆ ಇಂದಿಗೂ ಇದೆ. 1970ರ ದಶಕದಲ್ಲಿ ಹೆದ್ದಾರಿಗೆ ಅಡ್ಡವಾದಾಗ 220 ಟನ್ ತೂಕದ ಅದನ್ನು ಒಡೆಯದೆ ನೂರಿಪ್ಪತ್ತು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು.

ಮುಂದೆ ಐದಾರು ಶತಮಾನ ಈ ಘಾಟಿಯ ಒಡೆಯರು ಹೇಸರಗತ್ತೆಗಳ ಮೇಲೆ ಹೇರು ಸಾಗಿಸುವವರು. ಅವರು ಊರೂರಿಗೆ ಸಂಘ ಕಟ್ಟಿಕೊಂಡಿದ್ದರು. ತಮ್ಮ ಸರಹದ್ದಿನಲ್ಲಿ ಸರಕನ್ನು ತಾವೇ ಸಾಗಿಸುವ ಹಕ್ಕು, ದಾರಿಯನ್ನು ನೋಡಿಕೊಳ್ಳುವ ಹೊಣೆ ಎರಡೂ ಅವರದ್ದಾಗಿತ್ತು. ಸೈನ್ಯಗಳೂ ಈ ದಾರಿಯಲ್ಲೇ ನಡೆದವು. 1799ರ ಸೆಪ್ಟೆಂಬರಿನಲ್ಲಿ ರಷ್ಯದ ಸೇನಾನಿ ಸುವೊರೊವ್ ಇಟಲಿಯ ಕಡೆಯಿಂದ ಬಂದು, ಟ್ರೆಮೋಲಾ ಕಂದರದಲ್ಲಿ ಫ್ರೆಂಚರೊಡನೆ ಕಾದಾಡುತ್ತ ಘಾಟಿಯನ್ನು ಹತ್ತಿದ.

ಕುದುರೆಯ ಅಳತೆ

ಚಕ್ರದ ಗಾಡಿಗಳು ಸರಾಗವಾಗಿ ಹೋಗುವ ರಸ್ತೆ ಆದದ್ದು 1830ರ ಸುಮಾರಿಗೆ. ದಕ್ಷಿಣದ ಭಾಗವನ್ನು ರೂಪಿಸಿದವನು ಟಿಚೀನೊದ ಇಂಜಿನಿಯರ್ ಫ್ರಾಂಚೆಸ್ಕೊ ಮೆಸ್ಕೀನಿ. ಅವನ ಮುಂದಿದ್ದ ಪ್ರಶ್ನೆ ಸರಳ: ಭಾರ ಹೊತ್ತ ಗಾಡಿಯನ್ನು ಕುದುರೆಗಳು ಎಷ್ಟು ಏರಿನಲ್ಲಿ ಎಳೆಯಬಲ್ಲವು? ಅದಕ್ಕಿಂತ ಕಡಿದಾದರೆ ಕುದುರೆ ನಿಲ್ಲುತ್ತದೆ, ಇಳಿಯುವಾಗ ಗಾಡಿ ಹಿಡಿತ ತಪ್ಪುತ್ತದೆ. ಏರು ತಗ್ಗಬೇಕಾದರೆ ದಾರಿ ಉದ್ದವಾಗಬೇಕು. ಇಕ್ಕಟ್ಟಾದ ಕಂದರದಲ್ಲಿ ದಾರಿ ಉದ್ದವಾಗಬೇಕಾದರೆ ಮಡಿಚಿಕೊಳ್ಳಬೇಕು. 24 ತಿರುವುಗಳ ಗುಟ್ಟು ಇಷ್ಟೇ. ಅಲಂಕಾರಕ್ಕೆ ಹಾಕಿದ ನೆರಿಗೆಗಳಲ್ಲ ಅವು, ಕುದುರೆಯ ಸ್ನಾಯುವಿನ ಲೆಕ್ಕ.

1842ರಿಂದ ಹತ್ತು ಆಸನಗಳ, ಐದು ಕುದುರೆಗಳ ಟಪಾಲು ಬಂಡಿ ದಿನವೂ ಓಡತೊಡಗಿತು. ಇಟಲಿಯ ಕೋಮೊ ಊರಿನ ಬಳಿಯಿಂದ ಘಾಟಿ ದಾಟಿ ಉತ್ತರದ ಸರೋವರದ ದಡದಲ್ಲಿರುವ ಫ್ಲ್ಯೂಲೆನ್ ಸೇರಲು ಸುಮಾರು 23 ಗಂಟೆ. ಚಳಿಗಾಲದಲ್ಲಿ ಬಂಡಿಯ ಬದಲು ಹಿಮದ ಮೇಲೆ ಜಾರುವ ಗಾಡಿ. ಈ ಬಂಡಿಯನ್ನು ಅಮರವಾಗಿಸಿದ್ದು ರುಡಾಲ್ಫ್ ಕೊಲ್ಲರ್ 1873ರಲ್ಲಿ ಬರೆದ ಚಿತ್ರ. ಟ್ರೆಮೋಲಾದ ತಿರುವಿನಲ್ಲಿ ಕುದುರೆಗಳು ನಾಗಾಲೋಟದಿಂದ ಇಳಿಯುತ್ತಿವೆ. ಅವುಗಳ ಮುಂದೆ ಹೆದರಿದ ಕರುವೊಂದು ಓಡುತ್ತಿದೆ. ಜ್ಯೂರಿಕ್‌ನ ಕಲಾಸಂಗ್ರಹಾಲಯದಲ್ಲಿರುವ ಈ ಚಿತ್ರವನ್ನು ಬರೆಸಿದ್ದು ಒಂದು ರೈಲ್ವೆ ಕಂಪೆನಿ. ಅದು ಆಲ್ಫ್ರೆಡ್ ಎಷರ್ ಎಂಬ ಮುಂದಾಳಿಗೆ ಕೊಟ್ಟ ಕಾಣಿಕೆ. ಗೊಥಾರ್ಡ್ ರೈಲು ಮಾರ್ಗದ ಸೂತ್ರಧಾರ ಅವನೇ. ಅಂದರೆ, ಯಾರ ಕೆಲಸದಿಂದ ಟಪಾಲು ಬಂಡಿಯ ಕಾಲ ಮುಗಿಯಲಿತ್ತೋ ಅವನಿಗೇ ಅದರ ಚಿತ್ರ ಉಡುಗೊರೆಯಾಯಿತು.

ಬೆಟ್ಟದ ಹೊಟ್ಟೆಯೊಳಗೆ

ಆಗಲೇ, 1872ರಲ್ಲಿ, 15 ಕಿಲೋಮೀಟರ್ ಉದ್ದದ ರೈಲು ಸುರಂಗದ ಕೆಲಸ ಆರಂಭವಾಗಿತ್ತು. ಕೊರೆದವರಲ್ಲಿ ಬಹುಪಾಲು ಇಟಲಿಯ ಬಡ ಕೂಲಿಕಾರರು. ಒಳಗೆ ಸೆಕೆ, ಹೊಗೆ, ನೀರು. 1875ರಲ್ಲಿ ಗ್ಯೋಶೆನೆನ್ ಊರಿನಲ್ಲಿ ಅವರು ಮುಷ್ಕರ ಹೂಡಿದಾಗ ಗುಂಡು ಹಾರಿಸಲಾಯಿತು, ನಾಲ್ವರು ಸತ್ತರು. ಅಪಘಾತಗಳಲ್ಲಿ ಒಟ್ಟು ಇನ್ನೂರರ ಹತ್ತಿರ ಜನ ಪ್ರಾಣ ಬಿಟ್ಟರು. ಕೊಕ್ಕೆಹುಳುವಿನಿಂದ ರಕ್ತಹೀನರಾಗಿ ಊರಿಗೆ ಮರಳಿದವರು ಅನೇಕರು. ಗುತ್ತಿಗೆದಾರ ಲೂಯಿ ಫಾವ್ರ್ ಕೂಡ 1879ರಲ್ಲಿ ಸುರಂಗದೊಳಗೇ ಕುಸಿದು ಸತ್ತ; ಎರಡು ಕಡೆಯ ತೋಡು ಕೂಡಿದ್ದು ಮರು ಫೆಬ್ರವರಿಯಲ್ಲಿ. ಶಿಲ್ಪಿ ವಿಂಚೆನ್ಸೊ ವೇಲಾ ಸತ್ತ ಕೂಲಿಕಾರರ ನೆನಪಿಗೆ ಮಾಡಿದ ಉಬ್ಬುಶಿಲ್ಪದ ಕಂಚಿನ ಎರಕ ಐರೋಲೊ ರೈಲು ನಿಲ್ದಾಣದ ಬಳಿ ಇದೆ. ರೈಲಿನಿಂದ ಇಳಿದು ಘಾಟಿ ಹತ್ತಲು ಹೊರಡುವ ಸವಾರನ ಪಯಣ ಈ ಸ್ಮಾರಕದ ಪಕ್ಕದಿಂದಲೇ ತೊಡಗುತ್ತದೆ.

1882ರಲ್ಲಿ ರೈಲು ಓಡಿತು. ಹೇರು ಸಾಗಿಸುವವರ ಕಸುಬನ್ನು ಗಾಡಿರಸ್ತೆ ಕಸಿದುಕೊಂಡಿತ್ತು. ಈಗ ಗಾಡಿಯವರ ಕಸುಬನ್ನು ರೈಲು ಕಸಿದುಕೊಂಡಿತು. ಘಾಟಿ ರಸ್ತೆ ಬರಿದಾಯಿತು.

ಕಲ್ಲು ಹಾಸಿದ್ದು ಯಾರಿಗಾಗಿ?

ಟ್ರೆಮೋಲಾದ ಕಲ್ಲುಹಾಸನ್ನು ಕಂಡವರು ಅದನ್ನು ಕುದುರೆಗಳ ಕಾಲದ್ದೆಂದು ತಿಳಿಯುವುದು ಸಹಜ. ನಿಜಸಂಗತಿ ಬೇರೆ. ಟಪಾಲು ಬಂಡಿಗಳು ಓಡಿದ್ದು ಜಲ್ಲಿ ಮಣ್ಣಿನ ರಸ್ತೆಯಲ್ಲಿ. ಗ್ರಾನೈಟಿನ ಕಲ್ಲುಗಳು ಬಂದದ್ದು 20ನೇ ಶತಮಾನದಲ್ಲಿ, ಮೋಟಾರು ವಾಹನಗಳು ಘಾಟಿಗೆ ಮತ್ತೆ ಜೀವ ತಂದ ಮೇಲೆ. ಮೋಟಾರಿನ ಚಕ್ರಕ್ಕೆ ಜಲ್ಲಿ ಚದುರುತ್ತದೆ, ಧೂಳೇಳುತ್ತದೆ. ಒಂದೊಂದಾಗಿ ಕೈಯಲ್ಲಿ ಕೂರಿಸಿದ ಕಲ್ಲು ಗಟ್ಟಿಯಾಗಿ ನಿಲ್ಲುತ್ತದೆ. ಹಿಮದಿಂದ ಒಂದೆಡೆ ಕೆಟ್ಟರೆ ಅಷ್ಟನ್ನೇ ತೆಗೆದು ಮತ್ತೆ ಹಾಸಬಹುದು. ರಸ್ತೆಗೆ ಈಗಿನ ರೂಪ ಬಂದದ್ದು 1951ರಲ್ಲಿ. ದಾರಿಯ ತಿರುವು ಕುದುರೆಗೆ, ಮೈಮೇಲಿನ ಕಲ್ಲು ಮೋಟಾರಿಗೆ.

ಆದರೆ ಮೋಟಾರೂ ನಿಲ್ಲಲಿಲ್ಲ. 1960 ಮತ್ತು 70ರ ದಶಕಗಳಲ್ಲಿ ಕಂದರವನ್ನು ತಪ್ಪಿಸಿ ಹೋಗುವ ಹೊಸ ರಸ್ತೆ ಬಂತು. 1980ರಲ್ಲಿ ಸುಮಾರು 17 ಕಿಲೋಮೀಟರ್ ಉದ್ದದ ರಸ್ತೆ ಸುರಂಗ ತೆರೆದು, ಕಾರುಗಳು ಕಾಲು ಗಂಟೆಯೊಳಗೆ ಬೆಟ್ಟ ದಾಟತೊಡಗಿದವು. ಟ್ರೆಮೋಲಾ ಎರಡನೆಯ ಸಲ ಅನಾಥವಾಯಿತು. ಅದು ಹಾಗೆಯೇ ಉಳಿದದ್ದೂ ಇದರಿಂದಲೇ. ಯಾರಿಗೂ ಬೇಕಾಗದ ರಸ್ತೆಯನ್ನು ಅಗಲಿಸುವ, ನೇರ ಮಾಡುವ, ಡಾಂಬರು ಸುರಿಯುವ ಅಗತ್ಯ ಯಾರಿಗೂ ಬೀಳಲಿಲ್ಲ.

ಕಾಲಿನ ಬಲ

ಇಂಥ ದಾರಿಗೆ ಸೈಕಲ್ ಒಪ್ಪಿದ್ದು ಕಾಕತಾಳೀಯವಲ್ಲ. ಸುರಂಗಗಳೆಲ್ಲ ಯಂತ್ರದ ಅಳತೆಗೆ ಆದವು. ರಸ್ತೆ ಸುರಂಗದೊಳಗೆ ಸೈಕಲ್ಲಿಗೆ ಪ್ರವೇಶವೂ ಇಲ್ಲ. ಟ್ರೆಮೋಲಾ ಮಾತ್ರ ಜೀವವಿರುವ ಸ್ನಾಯುವಿನ ಅಳತೆಗೆ ಹುಟ್ಟಿದ್ದು. ಸ್ನಾಯುವಿನಿಂದಲೇ ಓಡುವ ವಾಹನವೆಂದರೆ ಇಂದು ಮುಖ್ಯವಾಗಿ ಸೈಕಲ್ಲೇ.

ಒಂದು ಸಣ್ಣ ಲೆಕ್ಕ ಹಾಕಬಹುದು. ಸವಾರ, ಸೈಕಲ್ ಸೇರಿ 80 ಕಿಲೋ ತೂಕ ಎಂದುಕೊಳ್ಳೋಣ. ಆ ಭಾರವನ್ನು 930 ಮೀಟರ್ ಮೇಲೆತ್ತಲು ಒಂದೂವರೆ ಗಂಟೆ ಹಿಡಿದರೆ, ಕಾಲುಗಳು ಉದ್ದಕ್ಕೂ ಸುಮಾರು 135 ವಾಟ್ ಶಕ್ತಿ ಕೊಡುತ್ತಿರಬೇಕು. ಇದು ಎತ್ತುವ ಕೆಲಸದ ಲೆಕ್ಕ ಮಾತ್ರ. ಕಲ್ಲುಹಾಸು ತನ್ನ ಸುಂಕವನ್ನು ಬೇರೆಯಾಗಿ ವಸೂಲು ಮಾಡುತ್ತದೆ. ಪ್ರತಿ ಕಲ್ಲಿನ ಅಂಚಿಗೆ ಗಾಲಿ ಬಡಿದು ಒಂದಿಷ್ಟು ವೇಗ ಸೋರುತ್ತದೆ. ಕೈ, ಭುಜ, ಬೆನ್ನು ಅದುರುತ್ತವೆ. ನಡುಕದ ಹೆಸರು ಆಗ ಅರ್ಥವಾಗುತ್ತದೆ. ಬಲ್ಲವರು ಟಯರಿನ ಗಾಳಿಯನ್ನು ಸ್ವಲ್ಪ ಇಳಿಸಿಕೊಳ್ಳುತ್ತಾರೆ. ಸೀಟಿನಿಂದ ಎದ್ದು ತುಳಿದರೆ ಹಿಂದಿನ ಗಾಲಿಯ ಮೇಲಿನ ಭಾರ ತಗ್ಗಿ, ಒದ್ದೆ ಕಲ್ಲಿನ ಮೇಲೆ ಅದು ಜಾರುತ್ತದೆ. ಹೀಗಾಗಿ ಕೂತೇ ತುಳಿಯುವುದು ಲೇಸು. ಟೂರ್ ಡಿ ಸ್ವಿಸ್ ಪಂದ್ಯದ ವೃತ್ತಿಪರ ಸವಾರರೂ ಗೊಥಾರ್ಡನ್ನು ಹಲವು ಬಾರಿ ಹತ್ತಿದ್ದಾರೆ.

ಟ್ರೆಮೋಲಾವನ್ನು ಸ್ವಿಸ್ ಜನ ತಮ್ಮ ದೇಶದ ಅತಿ ಉದ್ದದ ಸ್ಮಾರಕ ಎಂದು ಕರೆಯುವುದುಂಟು. ಆದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ಸ್ಮಾರಕ ಇದಲ್ಲ. ಹಿಮದಿಂದಾಗಿ ವರ್ಷದಲ್ಲಿ ಅರ್ಧದಷ್ಟು ಕಾಲ ದಾರಿ ಮುಚ್ಚಿರುತ್ತದೆ. ಸಂದಿಗೆ ಇಳಿದ ನೀರು ಹೆಪ್ಪುಗಟ್ಟಿ ಕಲ್ಲನ್ನು ಎಬ್ಬಿಸುತ್ತದೆ, ಕರಗಿದಾಗ ಗುಂಡಿ ಬೀಳುತ್ತದೆ. ಆಗ ಕಲ್ಲಿನ ಕೆಲಸದವರು ಮಂಡಿಯೂರಿ ಕೂತು ಮತ್ತೆ ಒಂದೊಂದನ್ನೇ ಕೂರಿಸಬೇಕು. ಲಾಭದ ಲೆಕ್ಕದಲ್ಲಿ ಈ ಖರ್ಚಿಗೆ ಸಮರ್ಥನೆಯಿಲ್ಲ. ಬೆಟ್ಟ ದಾಟಲು ಬೇರೆ ನಾಲ್ಕು ದಾರಿಗಳಿವೆ. ಆದರೆ ಎಂಟು ಶತಮಾನ ಈ ಘಾಟಿಯನ್ನು ದಾಟಿದವರ ಬೆವರಿನ ಅಳತೆ ತಿಳಿಯುವುದು ಇಲ್ಲೊಂದರಲ್ಲೇ. ಸುರಂಗದಲ್ಲಿ ಹೋದವನಿಗೆ ಬೆಟ್ಟ ಇತ್ತೆಂಬುದೂ ತಿಳಿಯುವುದಿಲ್ಲ.